ಪಕ್ಕದೂರಿನ ಧೂಳು

ಪೆಂಡರ್ ಫಾಲ್ಸ್ ಪಟ್ಟಣದಲ್ಲಿ ಧೂಳು ಇರುವುದಿಲ್ಲ. ೧೯೫೩ರ ವಸಂತದಲ್ಲಿ ಪುರಸಭೆಯು ಈ ಸಂಗತಿಯನ್ನು ಸರ್ವಾನುಮತದಿಂದ ಅಂಗೀಕರಿಸಿತು. ಅಂದಿನಿಂದ ಓಹಾಯೋ ರಾಜ್ಯದ ಆ ಮೂಲೆಯಲ್ಲಿ ಧೂಳು ಕಾನೂನುಬಾಹಿರ.

ಇದಕ್ಕೆ ಕಾರಣನಾದವನು ಡೆಲ್ಬರ್ಟ್ ಕ್ರಾಂಟ್ಸ್. ಗೇಲ್‌ಮೋರ್ ಕಂಪನಿಯ ವ್ಯಾಕ್ಯೂಮ್ ಕ್ಲೀನರನ್ನು ಮನೆಮನೆಗೆ ಹೊತ್ತು ಮಾರುವುದು ಅವನ ಕಸುಬು. ಗೇಲ್‌ಮೋರ್‌ಗೂ ಅಂಥದೇ ಮಷೀನು ಮಾರುವ ವಿಂಡ್‌ಕ್ರೆಸ್ಟ್ ಕಂಪನಿಗೂ ಎಣ್ಣೆ ಸೀಗೆಕಾಯಿ. ವಿಂಡ್‌ಕ್ರೆಸ್ಟ್ ಗುಡಿಸಿದ ಕಾರ್ಪೆಟ್ಟಿನ ಮೇಲೆ ಗೇಲ್‌ಮೋರ್ ಓಡಿಸಿ, ಉಳಿದ ಧೂಳನ್ನು ಬಿಳಿ ಕರವಸ್ತ್ರದ ಮೇಲೆ ಸುರಿದು ತೋರಿಸಬೇಕೆಂಬುದು ಕಂಪನಿ ಕಲಿಸಿದ ವಿದ್ಯೆ. ಬೇರೆ ಊರುಗಳ ಹೆಂಗಸರು ಅದನ್ನು ಕಂಡು ಹೌಹಾರಿ ದುಡ್ಡು ಬಿಚ್ಚುತ್ತಿದ್ದರು. ಇಲ್ಲಿ ಡೆಲ್ಬರ್ಟ್ ಆ ವಿದ್ಯೆಯನ್ನು ಮೇಯರ್ ಪತ್ನಿ ಹೇಜಲ್ ಬ್ರೂಬೇಕರ್ ಮನೆಯಲ್ಲಿ, ಆಕೆಯ ಇಸ್ಪೀಟು ಗೆಳತಿಯರ ಎದುರಿಗೇ ಪ್ರಯೋಗಿಸಿದ.

"ಇದು ನಮ್ಮನೆ ಧೂಳಲ್ಲ," ಎಂದರು ಹೇಜಲ್.

"ಈಗ್ತಾನೆ ನಿಮ್ಮ ಕಾರ್ಪೆಟ್ಟಿಂದಾನೇ ಬಂತಲ್ಲ, ಅಮ್ಮಾವ್ರೆ."

"ನೀನು ತಂದಿದ್ದು. ತಗೊಂಡು ಹೋಗು."

ಮರುದಿನವೇ ಪುರಸಭೆಯ ಪ್ರಕಟಣೆ ಹೊರಬಿತ್ತು: "ಪಟ್ಟಣದ ಮತದಾರರ ಮನೆಗಳಲ್ಲಿ ಯಾವುದೇ ಮಾರಾಟಗಾರನು ಧೂಳನ್ನು ಪತ್ತೆ ಮಾಡತಕ್ಕದ್ದಲ್ಲ. ಪ್ರದರ್ಶನಕ್ಕೆ ಬೇಕಾದ ಧೂಳನ್ನು ಪರಸ್ಥಳದಿಂದ ತರತಕ್ಕದ್ದು. ಸದರಿ ಧೂಳಿನ ಪೊಟ್ಟಣದ ಮೇಲೆ ಸದರಿ ಪರಸ್ಥಳದ ಮೊಹರು ಇರತಕ್ಕದ್ದು." ಮೊಹರು ಪರೀಕ್ಷಿಸಲು ಧೂಳು ತನಿಖಾಧಿಕಾರಿಯ ಹುದ್ದೆ ಸೃಷ್ಟಿಯಾಯಿತು. ಎಲ್ಲ ಕಡೆ ಹುಡುಕಿದ ಮೇಲೆ ಅದಕ್ಕೆ ಬೇಕಾದ ಅರ್ಹತೆ ಮೇಯರರ ಭಾಮೈದ ಕ್ಲೈಡ್‌ನಲ್ಲೇ ಕಂಡುಬಂತು.

"ನೋಡಯ್ಯ, ಮೇಯರ್ ಹೆಂಡ್ತಿ ಕೊಂಡ್ರೆ ಊರೇ ಕೊಳ್ಳುತ್ತೆ," ಎಂದ ಡೆಲ್ಬರ್ಟ್‌ನ ಮೇಲಧಿಕಾರಿ. "ಈ ತಿಂಗಳಲ್ಲಿ ಆಕೆ ಕೊಳ್ಳಲಿಲ್ವೋ, ಮಷೀನು ವಾಪಸ್ ಕೊಟ್ಟು ಮನೆಗೆ ನಡಿ."

ಮನೆಗೆ ಎಂದರೆ ಮಾವನ ಉಪ್ಪಿನಕಾಯಿ ಕಾರ್ಖಾನೆಗೆ. ಮದುವೆಯಾದ ಹೊಸದರಲ್ಲಿ ಅಲ್ಲಿ ಸೌತೆಕಾಯಿ ತೊಳೆದು ಹುಳಿ ವಿನಿಗರಿಗೆ ಹಾಕಿದ್ದ ಡೆಲ್ಬರ್ಟ್ ಈಗಲೂ ಅದರ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿ ನಡೆಯುತ್ತಿದ್ದ. ಮಾವ ಅಳಿಯನ ಏಪ್ರನ್ನಿಗೆ ಇಸ್ತ್ರಿ ಮಾಡಿಸಿ, ಮೊಳೆಗೆ ನೇತುಹಾಕಿ, ಕಾಯುತ್ತಿದ್ದ.

ಡೆಲ್ಬರ್ಟ್ ಪಕ್ಕದೂರು ಗ್ಯಾಸ್ಟನ್‌ವಿಲ್‌ನಿಂದ ಮೊಹರು ಹಾಕಿಸಿ ಧೂಳು ತಂದ. ಹೇಜಲ್ ಮನೆಯ ಕಾರ್ಪೆಟ್ಟಿನ ಮೇಲೆ ಸುರಿದ ಕೂಡಲೇ ಗೆಳತಿಯರೆಲ್ಲ ಕುರ್ಚಿ ಬಿಟ್ಟು ಬಂದು ಸುತ್ತ ಬಗ್ಗಿದರು.

"ಯಾರ ಮನೇದು?"

"ಅಲ್ಲಿನ ಪಾದ್ರಿಗಳ ಮನೇದು."

"ಅಯ್ಯಯ್ಯೋ! ಭಾನುವಾರ ಬಂದ್ರೆ ಏನು ಬಿಂಕ ಆ ಪಾದ್ರಿ ಹೆಂಡ್ತಿದು!"

ವಿಂಡ್‌ಕ್ರೆಸ್ಟ್‌ನವರು ಸುಮ್ಮನಿರಲಿಲ್ಲ. ಶಿಕಾಗೋದ ದೊಡ್ಡ ಹೋಟೆಲಿನ ಧೂಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ತರಿಸಿದರು. ಆದರೆ ಮುಖಪರಿಚಯವಿಲ್ಲದವರ ಕೊಳಕಿನಲ್ಲಿ ಯಾರಿಗೆ ತಾನೇ ಆಸಕ್ತಿ? ಆ ಪೆಟ್ಟಿಗೆ ಬಂದ ಹಾಗೇ ವಾಪಸಾಯಿತು.

"ನಿನ್ನ ಮಷೀನು ನನಗೆ ಬೇಡ," ಎಂದರು ಹೇಜಲ್. "ವಾರ ವಾರ ಒಂದು ಪೊಟ್ಟಣ ಧೂಳು ಕೊಡು."

"ಧೂಳು ಮಾರೋಕಿಲ್ಲ, ಅಮ್ಮಾವ್ರೆ. ಮಷೀನ್ ತಗೊಂಡವರಿಗೆ ಬಿಟ್ಟಿ."

"ಹಾಗಾದ್ರೆ ಮಷೀನೂ ಇಟ್ಟು ಹೋಗು."

ಮೇಯರ್ ಹೆಂಡತಿ ಕೊಂಡರು, ಊರೇ ಕೊಂಡಿತು. ಇಸ್ಪೀಟಿನ ಗುರುವಾರಗಳು ಧೂಳಿನ ಗುರುವಾರಗಳಾದವು. ಪಾಪ, ಗ್ಯಾಸ್ಟನ್‌ವಿಲ್ ಎಷ್ಟೆಂದು ಕೊಟ್ಟೀತು? ಬೇಸಿಗೆ ಮುಗಿಯುವಷ್ಟರಲ್ಲಿ ಅಲ್ಲಿ ಧೂಳು ಬರಿದಾಯಿತು. ಪೊಟ್ಟಣ ನಿಂತರೆ ಮಷೀನು ಹಿಂದಿರುಗಿಸುತ್ತೇವೆ ಎಂದರು ಹೆಂಗಸರು. ಡೆಲ್ಬರ್ಟ್‌ನ ಕಣ್ಣಮುಂದೆ ಏಪ್ರನ್ ತೂಗಾಡಿತು.

ಸೋಮವಾರಗಳಂದು ಹೇಜಲ್ ಮನೆಯ ಮಷೀನಿನ ಚೀಲ ಖಾಲಿ ಮಾಡಿಕೊಡುವುದು ಅವನ ಉಚಿತ ಸೇವೆ. ಒಂದು ಸೋಮವಾರ ಆ ಚೀಲವನ್ನೇ ಕಾರಿಗೆ ಹಾಕಿಕೊಂಡು ಗ್ಯಾಸ್ಟನ್‌ವಿಲ್‌ನ ಮೊಹರು ಕಚೇರಿಗೆ ಹೋದ.

"ಧೂಳು ಎಲ್ಲಿಂದ ತಂದೆ?" ಎಂದ ಗುಮಾಸ್ತ.

"ಕಾರಿಂದ."

"ಕಾರು ಎಲ್ಲಿದೆ?"

"ನಿಮ್ಮ ಬಾಗಿಲಲ್ಲೇ."

"ಹಾಗಾದ್ರೆ ನಮ್ಮೂರದ್ದೇ," ಎಂದು ಗುಮಾಸ್ತ ಮೊಹರು ಒತ್ತಿದ.

ಹೀಗೆ ಹೇಜಲ್ ಮನೆಯ ಧೂಳು ಹೇಜಲ್ ಮನೆಗೇ ಮರಳಿತು. ಗುರುವಾರ ಗೆಳತಿಯರೆಲ್ಲ ಮೂಗು ಮುಚ್ಚಿಕೊಂಡು ನೋಡುತ್ತಿದ್ದಾಗ ಅದರೊಳಗೆ ಏನೋ ಹೊಳೆಯಿತು. ಹೇಜಲ್ ಎತ್ತಿಕೊಂಡರು. ಹಿತ್ತಾಳೆಯ ಗುಂಡಿ.

"ಇದು ನಮ್ಮನೆಯವರ ಕೋಟಿಂದು."

ಡೆಲ್ಬರ್ಟ್‌ನ ಮೂಗಿಗೆ ಆಗಲೇ ವಿನಿಗರ್ ಬಡಿಯಿತು. ಕ್ಲೈಡ್ ಬಂದು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದ. "ಮೊಹರು ಸರಿಯಾಗಿದೆ ಅಕ್ಕಾ. ಗ್ಯಾಸ್ಟನ್‌ವಿಲ್ ಧೂಳೇ."

ಹೇಜಲ್ ಒಮ್ಮೆ ಕಾರ್ಪೆಟ್ ನೋಡಿದರು, ಒಮ್ಮೆ ಗೆಳತಿಯರನ್ನು ನೋಡಿದರು. ಒಂದೋ ತನ್ನ ಮನೆಯಲ್ಲಿ ಧೂಳಿದೆ; ಇಲ್ಲವೋ ಗಂಡ ಪಕ್ಕದೂರಿನಲ್ಲಿ ಯಾರದೋ ಮನೆಯಲ್ಲಿ ಕೋಟು ಬಿಚ್ಚಿದ್ದಾನೆ. ನಿರ್ಧಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇವರಿಗೆ ಅಲ್ಲೊಬ್ಬಳು ಇದ್ದಾಳೆ," ಎಂದರು ತಲೆ ಎತ್ತಿಕೊಂಡು. ಗೆಳತಿಯರು ಸಮಾಧಾನದ ಉಸಿರು ಬಿಟ್ಟರು.

ಗ್ಯಾಸ್ಟನ್‌ವಿಲ್‌ನ ಮುಖವನ್ನೇ ಕಾಣದ ಮೇಯರ್ ವಿಶೇಷ ಸಭೆಯಲ್ಲಿ ಎದ್ದುನಿಂತು ತಪ್ಪೊಪ್ಪಿಕೊಂಡರು. ಧೂಳಿನ ನಿರ್ಣಯಕ್ಕೆ ಅವರದೇ ಸಹಿ ಇತ್ತಲ್ಲ, ಇನ್ನೇನು ಮಾಡಿಯಾರು? ಸಭೆ ವಿಷಾದ ವ್ಯಕ್ತಪಡಿಸಿತು, ಮೊಹರಿನ ಶುದ್ಧತೆಯನ್ನು ಕೊಂಡಾಡಿತು, ಡೆಲ್ಬರ್ಟ್‌ಗೆ ಶಾಲಾ ಮಕ್ಕಳಿಂದ ಹೂಗುಚ್ಛ ಕೊಡಿಸಿತು.

ಮುಂದಿನ ಸೋಮವಾರ ಡೆಲ್ಬರ್ಟ್ ಚೀಲ ಖಾಲಿ ಮಾಡಲು ಬಂದಾಗ ಮೇಯರ್ ಹಾಲ್‌ನ ಸೋಫಾದ ಮೇಲೆ ಹೊದ್ದು ಮಲಗಿದ್ದರು. ಈಗ ಅವರ ಮಲಗುವ ಜಾಗ ಅದೇ.

"ಡೆಲ್ಬರ್ಟ್," ಎಂದು ಪಿಸುಗುಟ್ಟಿದರು, "ಈ ಸೋಫಾ ಕೆಳಗೆ ಇನ್ನೊಂದು ಗುಂಡಿ ಬಿದ್ದಿದೆ. ಮೊಹರು ಹಾಕಿಸೋಕೆ ಮುಂಚೆ ತೆಗೆದುಬಿಡಪ್ಪ, ದಮ್ಮಯ್ಯ. ಇನ್ನೊಬ್ಬಳನ್ನ ನಾನೆಲ್ಲಿಂದ ತರಲಿ?"

ಡೆಲ್ಬರ್ಟ್ ಮಂಡಿಯೂರಿ ಸೋಫಾದ ಕೆಳಗೆ ಬಗ್ಗಿ, ಬಹಳ ಹೊತ್ತು ನೋಡಿದ. ನಿಯಮದ ಪ್ರಕಾರ ಅಲ್ಲಿ ಏನೂ ಇರಲಿಲ್ಲ.