ಎರಡನೆಯ ಸಾಲಿನ ಶಂಕುಹೂ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿ ಬೋರಲು ಮಲಗಿ, ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಒಂದು ಎಲೆಯ ಹಿಂಬದಿಯ ರೋಮಗಳು ತುದಿಯ ಕಡೆಗೆ ಬಾಗಿವೆಯೋ ತೊಟ್ಟಿನ ಕಡೆಗೋ ಎಂದು ಪರೀಕ್ಷಿಸುತ್ತಿದ್ದೆ. ಅದೇ ಹೊತ್ತಿಗೆ ಹಾಲು ತರುವ ಅಪ್ಪಿ ಬೇಲಿ ದಾಟಿ ಬಂದಳು. ಬಂದವಳು ನನ್ನನ್ನು ಕಂಡು ಹಿತ್ತಲ ಬಾಗಿಲಿಗೆ ಓಡಿ, ಮಾಸ್ಟ್ರು ಬಾವಿಯ ಹತ್ತಿರ ಬಿದ್ದಿದ್ದಾರೆ, ಅಲ್ಲಾಡುವುದಿಲ್ಲ ಎಂದು ಸುದ್ದಿ ಮುಟ್ಟಿಸಿದಳು. ಒಳಗಿನಿಂದ ನನ್ನ ಹೆಂಡತಿ ವಸುಮತಿ ಕೊಟ್ಟ ಉತ್ತರ ನನಗೂ ಕೇಳಿಸಿತು.

"ಬಿದ್ದದ್ದಲ್ಲ ಅಪ್ಪಿ, ಅದು ಅವರು ಓದುವುದು. ಹಾಲು ಇಲ್ಲಿ ತಾ."

ಗಂಡ ಸತ್ತಿದ್ದಾನೋ ಬದುಕಿದ್ದಾನೋ ಎಂದು ಇಣುಕಿ ನೋಡುವಷ್ಟು ಕುತೂಹಲವೂ ಇಲ್ಲದ ಮನೆಯಲ್ಲಿ ಸಸ್ಯಶಾಸ್ತ್ರ ಬೆಳೆಯುವುದು ಹೇಗೆ? (ಬೆಳೆಯಿತು. ಹೇಗೆ ಬೆಳೆಯಿತೆಂಬುದೇ ಈ ಕಥೆ.)

ನಾನು ಹರಿನಾಥ, ಕಾಸರಗೋಡಿನ ಒಂದು ಹೈಸ್ಕೂಲಿನಲ್ಲಿ ಸಯನ್ಸ್ ಮಾಸ್ತರ. ಮದ್ರಾಸಿನಲ್ಲಿ ಓದಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ವಸುಮತಿಯ ತಮ್ಮ ಶ್ಯಾಮ ಕೂನೂರಿನ ಆಚೆ ಒಂದು ಚಹಾ ತೋಟದ ಆಫೀಸಿನಲ್ಲಿ ಗುಮಾಸ್ತ. ಆ ತೋಟದ ದೊರೆಸಾನಿ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಒಂದು ಡಬ್ಬಿ ಹೂವಿನ ಬೀಜ ಬಿಟ್ಟುಹೋಗಿದ್ದಳು. ಶ್ಯಾಮ ಅದನ್ನು ೧೯೫೩ರ ಮಳೆಗಾಲದ ಕೊನೆಗೆ ನನಗೆ ತಲುಪಿಸಿದ. ಇದರಲ್ಲಿ ಮೂರು ಜಾತಿಯ ಕೋನ್‌ಫ್ಲವರ್ ಬೆರೆತು ಹೋಗಿವೆಯಂತೆ, ಬೇರೆ ಮಾಡುವುದು ಭಾವನಿಗೆ ಮಾತ್ರ ಸಾಧ್ಯ ಎಂದೂ ಹೇಳಿ ಕಳುಹಿಸಿದ. ಆ ಕೊನೆಯ ಮಾತೇ ನನ್ನ ತಲೆ ತಿರುಗಿಸಿದ್ದು.

ಕೋನ್‌ಫ್ಲವರಿಗೆ ನಾನು ಶಂಕುಹೂ ಎಂದು ನಾಮಕರಣ ಮಾಡಿದೆ. ಹೂವಿನ ನಡುಭಾಗ ಶಂಕುವಿನಂತೆ ಎದ್ದು ನಿಂತಿರುತ್ತದೆ, ಎಸಳುಗಳು ಸುತ್ತಲೂ ಸೋತವರಂತೆ ಕೆಳಗೆ ಬಾಗಿರುತ್ತವೆ. ಬೀಜಗಳನ್ನು ಹರಿವಾಣಕ್ಕೆ ಸುರಿದು, ಎರಡು ರವಿವಾರ ಸೂಜಿಯ ತುದಿಯಲ್ಲಿ ವಿಂಗಡಿಸಿದೆ. ನಾಲ್ಕು ಮೂಲೆಯ, ಒಂದೇ ಸಮ ಬಿಳಚಿದ ಬೀಜ ನೇರಳೆ ಶಂಕುಹೂವಿನದು. ಅದೇ ಆಕಾರದ್ದು, ಆದರೆ ನೆತ್ತಿಯಲ್ಲಿ ಕಂದು ಪಟ್ಟಿ ಇದ್ದರೆ ಅದು ಕಿರಿದೆಲೆಯದು. ಸಣ್ಣಗೆ ಕಪ್ಪಾಗಿ ಊದಿದರೆ ಹಾರುವಂಥದ್ದು ಹಳದಿಯದು. (ಊದಿದರೆ ಹಾರುತ್ತದೆ ಎಂಬುದನ್ನು ವಸುಮತಿ ಕಸ ಗುಡಿಸುವಾಗ ಪ್ರಯೋಗದಿಂದ ಸಿದ್ಧಮಾಡಿ ತೋರಿಸಿದಳು.)

ಬೀಜ ಸಿದ್ಧವಾಯಿತು, ನೆಲ ಬೇಕಲ್ಲ. ನಮ್ಮ ಹಿತ್ತಲಿನಲ್ಲಿ ಬಿಸಿಲು, ನೀರು ಎರಡೂ ಇರುವ ಜಾಗ ಒಂದೇ, ಬಾವಿಗೂ ಬಚ್ಚಲಿಗೂ ನಡುವಿನದು. ಅಲ್ಲಿ ವಸುಮತಿಯ ಬಸಳೆ ಚಪ್ಪರ ಇತ್ತು. ನಾನು ವಿಜ್ಞಾನದ ಹೆಸರಿನಲ್ಲಿ ಆ ಚಪ್ಪರವನ್ನು ವಿಸರ್ಜಿಸಿದೆ. ಅವಳು ಜಗಳವಾಡಲಿಲ್ಲ. ಒಂದು ತಿಂಗಳು ಊಟಕ್ಕೆ ಬಸಳೆಯ ಬದಲು ಮೌನ ಬಡಿಸಿದಳು.

ಒಂದನೆಯ ಸಾಲಿನಲ್ಲಿ ನೇರಳೆ, ಎರಡನೆಯದರಲ್ಲಿ ಕಿರಿದೆಲೆ, ಮೂರನೆಯದರಲ್ಲಿ ಹಳದಿ. ಒಂದೂ ಮೂರೂ ಚೆನ್ನಾಗಿ ಮೊಳೆತವು. ಎರಡನೆಯ ಸಾಲು ಮಾತ್ರ ಬೋಳಾಗಿಯೇ ಉಳಿಯಿತು. ಕಿರಿದೆಲೆಯ ಬೀಜ ಚಳಿ ಕಾಣದೆ ಮೊಳೆಯಲು ಹಟ ಮಾಡುತ್ತದೆಂದು ಓದಿದ ನೆನಪು. ಕಾಸರಗೋಡಿನಲ್ಲಿ ಚಳಿ ಎಲ್ಲಿಂದ ತರಲಿ? ಬಾವಿಯ ತಣ್ಣೀರನ್ನೇ ಬೆಳಿಗ್ಗೆ ಸಂಜೆ ಸುರಿದೆ. ಖಾಲಿ ನೆಲಕ್ಕೆ ಭಕ್ತಿಯಿಂದ ನೀರೆರೆಯುವ ನನ್ನನ್ನು ನೋಡಿ, ಪಕ್ಕದ ಮನೆಯ ಪುಷ್ಪಾವತಿಯಮ್ಮ (ಅವರ ಯಜಮಾನರು ಕೋರ್ಟಿನಲ್ಲಿ ಗುಮಾಸ್ತರು) ಅಲ್ಲಿ ಯಾರನ್ನಾದರೂ ಹುಗಿದದ್ದುಂಟೇ ಎಂದು ವಸುಮತಿಯಲ್ಲಿ ವಿಚಾರಿಸಿದರಂತೆ.

ಅಷ್ಟರಲ್ಲಿ ಶಾಲೆಯ ಕೆಲಸದ ಮೇಲೆ ನಾನು ಒಂದು ವಾರ ಮಂಗಳೂರಿಗೆ ಹೋಗಬೇಕಾಯಿತು. ಎರಡನೆಯ ಸಾಲಿಗೆ ನೀರು ತಪ್ಪಿಸಬಾರದೆಂದು ಹೆಂಡತಿಗೆ ಆಣೆ ಹಾಕಿಸಿ ಹೋದೆ. ಹಿಂತಿರುಗಿ ಬಂದು ಕೊಡೆಯನ್ನೂ ಕೆಳಗಿಡದೆ ಹಿತ್ತಲಿಗೆ ಓಡಿದರೆ, ಎರಡನೆಯ ಸಾಲಿನ ಉದ್ದಕ್ಕೂ ಹಸುರು. ಮೊಳಕೆಯಲ್ಲ, ಆಗಲೇ ನಾಲ್ಕು ಎಲೆ ಬಿಟ್ಟ ಸಸಿಗಳು. ತಡವಾಗಿ ಮೊಳೆತ ಬೀಜ ಕಳೆದುಹೋದ ಕಾಲವನ್ನು ಹೀಗೆ ವೇಗದಿಂದ ತುಂಬಿಕೊಳ್ಳುತ್ತದೆ ಎಂದು ನಾನು ನಿಂತಲ್ಲೇ ತರ್ಕಿಸಿದೆ. ಒಲೆಯ ಮುಂದಿದ್ದ ವಸುಮತಿಗೆ ಶುಭವಾರ್ತೆ ತಿಳಿಸಿದಾಗ ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಎಲೆಯ ಲಕ್ಷಣಗಳನ್ನು ವರ್ಣಿಸತೊಡಗಿದ್ದರಿಂದ ಬಾಯಿ ಮುಚ್ಚಿ ಒಗ್ಗರಣೆಯ ಕಡೆಗೆ ತಿರುಗಿದಳು.

ಎಲೆಯ ಲಕ್ಷಣವಾದರೂ ಎಂಥದ್ದು. ಕಿರಿದು, ಈಟಿಯಂತೆ ಚೂಪು, ಮುಟ್ಟಿದರೆ ಒರಟು ರೋಮ. ಪುಸ್ತಕದಲ್ಲಿ ಕಿರಿದೆಲೆಯ ಶಂಕುಹೂವಿಗೆ ಹೇಳಿದ್ದೆಲ್ಲ ಅದರಲ್ಲಿತ್ತು. ಹೇಳದಿದ್ದದ್ದೂ ಒಂದಿತ್ತು: ಎಲೆಯನ್ನು ಹಿಸುಕಿದರೆ ರಸ ಬೆರಳಿಗೆ ಕಪ್ಪಾಗಿ ಅಂಟುತ್ತಿತ್ತು. ಇದು ಯಾವ ಪಂಡಿತನ ಕಣ್ಣಿಗೂ ಬೀಳದ ಸಂಗತಿ ಎಂದು ನನಗೆ ರೋಮಾಂಚವಾಯಿತು. (ನನ್ನ ಕಪ್ಪು ಬೆರಳುಗಳನ್ನು ಕಂಡ ಹೆಡ್‌ಮಾಸ್ಟರರು ಒಳ್ಳೆಯ ಪೆನ್ನು ಕೊಳ್ಳುವಂತೆ ಸಲಹೆ ಮಾಡಿದರು.) ಮುಂದೆ ಹೂ ಬಿಟ್ಟಿತು. ಅದು ಗುಂಡಿಯಷ್ಟೇ ಇತ್ತು, ಬೆಳ್ಳಗಿತ್ತು, ಶಂಕು ಇರಬೇಕಾದಲ್ಲಿ ಸಪಾಟಾಗಿತ್ತು. ನಮ್ಮ ಮುರಕಲ್ಲು ಮಣ್ಣಿನಲ್ಲಿ ಗಾತ್ರ ಕುಗ್ಗಿದೆ, ನಮ್ಮ ಬಿಸಿಲಿಗೆ ಬಣ್ಣ ಹಾರಿದೆ, ನಮ್ಮ ಸೆಕೆಗೆ ಶಂಕು ಕುಸಿದಿದೆ. ಮನುಷ್ಯರಿಗೇ ಹಾಗಾಗುತ್ತದೆ, ಹೂವಿನ ಪಾಡೇನು?

ಈ ನಡುವೆ ಕಳ್ಳತನ ಶುರುವಾಯಿತು. ಬೇಡಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬದುಕುತ್ತದೆ ಎಂಬುದು ನಮ್ಮ ಊರಿನ ಹೆಂಗಸರ ಅಚಲ ಸಿದ್ಧಾಂತ. ಕೇಳಿದರೆ ಮನಸ್ಸಾರೆ ಕೊಡುವವರ ಮನೆಯಿಂದಲೂ ಅವರು ಕೊಡುವವರ ಬೆನ್ನು ತಿರುಗುವುದನ್ನೇ ಕಾದು ಕೀಳುತ್ತಾರೆ. ನನ್ನ ಎರಡನೆಯ ಸಾಲಿನಲ್ಲಿ ಇಂದು ಒಂದು ಗಿಡ ಮಾಯ, ನಾಳೆ ಒಂದಷ್ಟು ಕೊಂಬೆ ಮಾಯ. ಪುಷ್ಪಾವತಿಯಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬೇಲಿ ದಾಟುವುದನ್ನು ನಾನೇ ಕಣ್ಣಾರೆ ಕಂಡೆ. ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು: ಅಷ್ಟು ಚೆಲುವಾದ ನೇರಳೆಯನ್ನೂ ಹಳದಿಯನ್ನೂ ಇವರು ಮುಟ್ಟುವುದೇ ಇಲ್ಲ. ಕದಿಯುವುದು ಕಿರಿದೆಲೆಯನ್ನು ಮಾತ್ರ. ಅಪೂರ್ವ ಜಾತಿ ಯಾವುದೆಂದು ಗುರುತಿಸುವ ವಿವೇಕ ನಮ್ಮ ಕೇರಿಯ ಸ್ತ್ರೀಯರಲ್ಲಿದೆ ಎಂದು ಎದೆಯುಬ್ಬಿತು. ವಸುಮತಿಗೆ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಮ್ಮು ಬಂತು ಎಂದು ಒಳಗೆ ಹೋದಳು.

ನೇರಳೆಯ ಮೊದಲ ಹೂ ಅರಳಿದ ದಿನ ಮಾತ್ರ ನಾವಿಬ್ಬರೂ ಬಾವಿಕಟ್ಟೆಯಲ್ಲಿ ಕುಳಿತು ಬಹಳ ಹೊತ್ತು ನೋಡಿದೆವು. ಚೆಂದ ಉಂಟು ಎಂದಳು. ನಾನು ಅಷ್ಟಕ್ಕೇ ಸುಮ್ಮನಿದ್ದರೆ ಗೆದ್ದಂತೆಯೇ ಆಗುತ್ತಿತ್ತು. ಆದರೆ ಆ ರಾತ್ರಿ ಊಟಕ್ಕೆ ಕುಳಿತು ಎರಡನೆಯ ಸಾಲಿನ ಮಹಿಮೆಯನ್ನು ಮತ್ತೆ ತೆಗೆದೆ. ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಶಿವರಾತ್ರಿಗೆ ಶ್ಯಾಮ ಬರ್ತಾನಲ್ಲ, ದೊರೆಸಾನಿಯ ತೋಟ ದಿನಾ ಕಂಡವ. ನೀವು ಅವನಿಗೆ ಎಲ್ಲ ತೋರಿಸಿ. ಮೂರು ಸಾಲೂ ನೀವು ಹೇಳಿದ್ದೇ ಅಂತ ಆದ್ರೆ ಜಾಗ ನಿಮ್ಮದೇ. ನಾನು ಈ ಜನ್ಮದಲ್ಲಿ ಬಸಳೆಯ ಹೆಸರೆತ್ತುವುದಿಲ್ಲ."

"ಅಲ್ಲದಿದ್ದರೆ?"

"ಅಲ್ಲದಿದ್ರೆ ಬಸಳೆ ಚಪ್ಪರದ ಕಂಬ ನೀವೇ ಹುಗಿಯಬೇಕು. ನಿಮ್ಮ ಶಿಷ್ಯರನ್ನು ಕರೀಲಿಕ್ಕಿಲ್ಲ."

ನನಗೆ ಅವಳ ಮೇಲೆ ಕನಿಕರ ಬಂತು. ಸೋಲುವುದು ಖಂಡಿತವಾಗಿರುವ ಪಂಥವನ್ನು ಕಟ್ಟಿಕೊಳ್ಳಬೇಡ, ಬೇಕಾದರೆ ಬೇಲಿಯ ಬದಿಯಲ್ಲಿ ಒಂದು ಬಳ್ಳಿ ಬಸಳೆಗೆ ಅವಕಾಶ ಕೊಡುತ್ತೇನೆ ಎಂದು ಉದಾರವಾಗಿ ಸೂಚಿಸಿದೆ. ಬೇಡ ಮಾರಾಯ್ರೆ, ನ್ಯಾಯ ನ್ಯಾಯವೇ ಎಂದಳು.

ಶಿವರಾತ್ರಿಯ ಮರುದಿನ ಶ್ಯಾಮ ರೈಲಿನಿಂದ ಇಳಿದ. ಅಕ್ಕ ಅವನ ತಲೆಗೆ ಎಣ್ಣೆ ತಿಕ್ಕಿ, ಮೀಯಿಸಿ, ಉಣ್ಣಿಸಿ ಮಲಗಿಸಿದಳು. ಸಂಜೆಯ ಪ್ರದರ್ಶನಕ್ಕೆ ಪುಷ್ಪಾವತಿಯಮ್ಮನೂ ಕೇರಿಯ ಮತ್ತಿಬ್ಬರು ಹೆಂಗಸರೂ ಬಂದರು. (ಕದ್ದವರೆಲ್ಲ ಬಂದಿದ್ದಾರೆ, ಅಪೂರ್ವ ಜಾತಿಯ ಹೆಸರನ್ನಾದರೂ ತಿಳಿದುಕೊಳ್ಳಲಿ ಎಂದುಕೊಂಡೆ.) ನಾನು ಕೈಯಲ್ಲಿ ಬೆತ್ತ ಹಿಡಿದು ಸೂತ್ರ ಹೇಳಿದೆ. ಗಿಡವನ್ನು ಗುರುತಿಸಲು ಸಾಕ್ಷಿ ಮೂರು: ಎಲೆ, ಹೂ, ಬೀಜ. ಒಂದು ಸುಳ್ಳು ಹೇಳಬಹುದು, ಎರಡು ಸೇರಿ ಸುಳ್ಳು ಹೇಳಬಹುದು, ಮೂರೂ ಸೇರಿ ಎಂದೂ ಸುಳ್ಳು ಹೇಳುವುದಿಲ್ಲ.

ಶ್ಯಾಮ ಒಂದನೆಯ ಸಾಲನ್ನು ನೋಡಿ, ಇದು ನಮ್ಮ ಆಫೀಸಿನ ಕಿಟಕಿಯ ಹೊರಗೆ ಇದ್ದದ್ದೇ ಎಂದ. ಮೂರನೆಯದನ್ನೂ ಹಾಗೆಯೇ ಒಪ್ಪಿದ. ನಾನು ವಸುಮತಿಯ ಕಡೆ ನೋಡದೆ ಎರಡನೆಯ ಸಾಲಿಗೆ ಬಂದೆ. ಅವನು ಬಗ್ಗಿದ. ಒಂದು ಎಲೆ ಕಿತ್ತು ಹಿಸುಕಿ ಮೂಸಿದ. ಆಮೇಲೆ ತನ್ನ ತಲೆಗೂದಲಿಗೆ ಬೆರಳಾಡಿಸಿ ಆ ಬೆರಳನ್ನೂ ಮೂಸಿದ.

"ಭಾವ, ಇದು ದೊರೆಸಾನಿಯ ತೋಟದಲ್ಲಿ ಇರ್ಲಿಲ್ಲ. ಇದು ಬೆಳಿಗ್ಗೆ ನನ್ನ ತಲೆ ಮೇಲೆ ಇತ್ತು."

ಹೆಂಗಸರ ನಡುವೆ ಒಂದು ಅಲೆ ಎದ್ದಿತು. ನಾನು ವಿಚಲಿತನಾಗದೆ, ಮಣ್ಣು, ಬಿಸಿಲು, ಸೆಕೆ ಈ ಮೂರರ ಪ್ರಭಾವವನ್ನು ವಿವರಿಸಲು ಮೊದಲು ಮಾಡಿದೆ. ವಸುಮತಿ ಒಳಗೆ ಹೋಗಿ ಒಂದು ಮೊರ ತಂದು ಬಾವಿಕಟ್ಟೆಯ ಮೇಲೆ ಇಟ್ಟಳು. ಅದರಲ್ಲಿ ಒಂದು ಕಟ್ಟು ಸೊಪ್ಪು. ಅಪ್ಪಿ ಬೆಳಿಗ್ಗೆ ಹೊಳೆಯ ಬದಿಯ ಗದ್ದೆಯಿಂದ ಕಿತ್ತು ತಂದದ್ದು, ಇದು ಗರ್ಗ, ತಲೆಗೂದಲಿನ ಎಣ್ಣೆಗೆ ಹಾಕುವ ಸೊಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು.

"ಮೂರು ಸಾಕ್ಷಿ ಅಂತ ಈಗಷ್ಟೇ ಹೇಳಿದಿರಲ್ಲ. ನಾವು ಓದದವರು. ನೀವೇ ನೋಡಿ, ನೀವೇ ಹೇಳಿ."

ಸುಳ್ಳು ಹೇಳಬಹುದಿತ್ತು. ಭೂತಗನ್ನಡಿ ನನ್ನ ಕೈಯಲ್ಲೇ ಇತ್ತು. ಆದರೆ ಗಾಜಿನ ಕೆಳಗೆ ಕಂಡದ್ದನ್ನು ಕಂಡಂತೆ ಹೇಳದಿರಲು ನನಗೆ ಬರುವುದಿಲ್ಲ, ಇದೊಂದು ರೋಗ. ಗದ್ದೆಯ ಗರ್ಗದ ಎಲೆಯನ್ನೂ ನನ್ನ ಕಿರಿದೆಲೆಯನ್ನೂ ಜೋಡಿಸಿ ಇಟ್ಟೆ. ಅದೇ ಈಟಿ, ಅದೇ ರೋಮ, ರೋಮಗಳು ಬಾಗಿದ ದಿಕ್ಕೂ ಅದೇ. ಎಲೆ ಒಂದೇ ಎಂದೆ. ಹೂ ಬಿಡಿಸಿ ನೋಡಿ, ಹೂವೂ ಒಂದೇ ಎಂದೆ. ಬೀಜ ಕಪ್ಪಗೆ ಗಂಟುಗಂಟಾಗಿತ್ತು. ಕಂದು ಪಟ್ಟಿಯ ಸುಳಿವೂ ಇರಲಿಲ್ಲ. ಬೀಜವೂ ಒಂದೇ ಎಂದಾಗ ನನ್ನ ಸ್ವರ ಬಾವಿಯೊಳಗಿಂದ ಬಂದಂತೆ ನನಗೇ ಕೇಳಿಸಿತು. ಎರಡೂ ಸೊಪ್ಪಿನ ರಸದಿಂದ ನನ್ನ ಎರಡೂ ಕೈ ಒಂದೇ ಸಮ ಕಪ್ಪಾಗಿದ್ದವು.

ಕೊನೆಯ ಆಸರೆಯಾಗಿ, ಗರ್ಗವೂ ಶಂಕುಹೂವೂ ಸೂರ್ಯಕಾಂತಿಯ ಕುಟುಂಬಕ್ಕೇ ಸೇರಿದವು, ಕುಟುಂಬದ ಮಟ್ಟಿಗೆ ನಾನು ತಪ್ಪಲಿಲ್ಲ ಎಂದು ವಾದಿಸಿದೆ.

"ಕುಟುಂಬ ಒಂದೇ ಅಂತ ಶ್ಯಾಮನನ್ನು ವಸುಮತಿ ಅಂತ ಕರೀಲಿಕ್ಕೆ ಆಗ್ತದಾ?" ಎಂದಳು ಅವನ ಅಕ್ಕ.

ಆಮೇಲೆ ಎಲ್ಲವೂ ಹೊರಬಿತ್ತು. ಬೇಸಿಗೆಯಲ್ಲಿ ಗದ್ದೆಗಳು ಒಣಗಿದ ಮೇಲೆ ಗರ್ಗ ಸಿಗುವುದು ಕಷ್ಟ, ಅದಕ್ಕೆ ಸದಾ ಒದ್ದೆ ನೆಲ ಬೇಕು. ನಾನು ಮಂಗಳೂರಿಗೆ ಹೋದಾಗ ವಸುಮತಿ ಖಾಲಿ ಸಾಲಿಗೆ ಎರಡು ದಿನ ಪ್ರಾಮಾಣಿಕವಾಗಿ ನೀರೆರೆದಳಂತೆ. ಮೂರನೆಯ ದಿನ, ಸುಮ್ಮನೆ ಮಣ್ಣಿಗೆ ಯಾಕೆ ಎರೆಯುವುದೆಂದು ಗರ್ಗದ ಸಸಿಗಳನ್ನು ತಂದು ನೆಟ್ಟಳಂತೆ. ಬಿ.ಎಸ್ಸಿ. ಆದವರಿಗೆ ಗರ್ಗ ಗೊತ್ತಿಲ್ಲದೆ ಇರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮತ್ತೆ ಹೇಳೋಣವೆಂದರೆ ನಾನು ವರ್ಣಿಸುವ ಚೆಂದಕ್ಕೆ ಅಡ್ಡಬರಲು ಮನಸ್ಸಾಗಲಿಲ್ಲ. ಕೇರಿಯ ಹೆಂಗಸರಿಗೆ ಗರ್ಗ ಬೇಕಾದರೆ ಕೇಳದೆ ಕೀಳಿ, ಮಾಸ್ಟ್ರ ಕೈಯ ನೀರು ಕುಡಿದದ್ದು, ಚೆನ್ನಾಗಿ ಬರುತ್ತದೆ ಎಂದು ಅಪ್ಪಣೆ ಕೊಟ್ಟವಳೂ ಅವಳೇ. ಆ ಬೇಸಿಗೆ ನಮ್ಮ ಕೇರಿಯ ತಲೆಗಳೆಲ್ಲ ಕಪ್ಪಗೆ ಮಿರುಗಿದ್ದು ನನ್ನ ಶ್ರಮದಿಂದ.

ಮರುದಿನ ನಾನೇ ಹಾರೆ ಹಿಡಿದು ನಾಲ್ಕು ಕಂಬ ಹುಗಿದೆ. ಎಲ್ಲಿ ಹುಗಿಯಬೇಕೆಂದು ವಸುಮತಿ ತೋರಿಸಿದಳು. ನೇರಳೆಯ ಬುಡಕ್ಕೂ ಹಳದಿಯ ಬುಡಕ್ಕೂ ಒಂದು ಮೊಳ ದೂರ ಬಿಟ್ಟು, ಅವುಗಳ ಮೇಲೆ ಚಪ್ಪರದ ನೆರಳು ಬೀಳದಂತೆ ಓರೆಯಾಗಿ ತೋರಿಸಿದಳು. ಇದು ಪಂಥದ ಕರಾರಿನಲ್ಲಿ ಇರಲಿಲ್ಲವಲ್ಲ ಎಂದೆ. ಕರಾರಿನಲ್ಲಿ ಇದ್ದದ್ದು ಕಂಬ ಮಾತ್ರ, ನೀವು ನಿಮ್ಮ ಹುಗಿಯುವ ಕೆಲಸ ನೋಡಿ ಎಂದಳು.

ನಾನು ಹುಗಿಯುತ್ತಿದ್ದೆ. ಬೇಲಿಯಾಚೆಯಿಂದ ಪುಷ್ಪಾವತಿಯಮ್ಮ ವಸುಮತಿಯನ್ನು ಕರೆದು, ಒಂದು ಮಾತು ಕೇಳಿದರೆ ಬೇಸರವಿಲ್ಲವಷ್ಟೆ, ನಿಮ್ಮ ಯಜಮಾನರಿಗೆ ಒಟ್ಟು ಎಷ್ಟು ಗಿಡದ ಗುರುತು ಉಂಟು ಎಂದು ವಿಚಾರಿಸಿದರು. ವಸುಮತಿ ಬಹಳ ಗಂಭೀರಳಾಗಿ ಹೇಳಿದಳು: ಇವರು ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಅಪ್ಪ ಇದೇ ಪ್ರಶ್ನೆ ಕೇಳಿದ್ದರು, ಇವರು ಕುರ್ಚಿಯಿಂದ ಎದ್ದು ನಿಂತು ಕೊಟ್ಟ ಉತ್ತರ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತ್ತು, ಹೂ ಬೀಜ ಬೇಡ, ಎಲೆ ಒಂದನ್ನೇ ನೋಡಿ ಹೇಳಿಬಿಡುತ್ತೇನೆ ಅಂದಿದ್ದರು.

"ಎಷ್ಟು ಅಂತ ಹೇಳಿದ್ರು?"

"ಸಾವಿರದ ಇನ್ನೂರು."