ಒಬ್ಬರನ್ನೂ ಬಿಡದ ವಂದನಾರ್ಪಣೆ

ಮೇಷ್ಟ್ರು ಅವತ್ತು ಬೆಳಿಗ್ಗೆ ಸುಮ್ಮನೆ ಬೂಟು ಹಾಕಿಕೊಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ಬಂದು, ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಸ್ಲೇಟು ತೆಗೆದು, ಹೆಂಡತಿಗೆ ಬರೆದು ತೋರಿಸಿದರು: ‘ಮಧ್ಯಾಹ್ನ ಊಟ ಆದಮೇಲೆ ಕಂಪ್ಯೂಟರ್ ಹಾಕ್ಕೊಂಡು ಕೂತಿರು. ನಾನು ಮಾತಾಡೋದು ಬರುತ್ತೆ.’

ಜ್ವರವೊಂದು ಬಂದು ಹೆಂಡತಿಯ ಕಿವಿ ಕಸಿದುಕೊಂಡು ಹೋದ ಮೇಲೆ ಆ ಮನೆಯಲ್ಲಿ ಮೇಷ್ಟ್ರ ಮಾತೆಲ್ಲ ಸ್ಲೇಟಿನಲ್ಲೇ. ಆಕೆಯ ಮಾತು ಮಾತ್ರ ಬಾಯಲ್ಲೇ, ಅದೂ ಸ್ವಲ್ಪ ಜೋರು.

“ಇವತ್ತೂ ಥ್ಯಾಂಕ್ಸ್ ಹೇಳೋದೇನಾ?” ಅಂದರು ಆಕೆ.

ಮೇಷ್ಟ್ರು ತಲೆ ಅಡ್ಡಡ್ಡ ಆಡಿಸಿ, ‘ಅಲ್ಲ. ಭಾಷಣ!’ ಅಂತ ಬರೆದು, ಕೆಳಗೆ ಗೆರೆ ಬೇರೆ ಎಳೆದರು.

ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ವಿಶ್ವವಿದ್ಯಾಲಯದ ನಗರ ಅಧ್ಯಯನ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದ ಈ ಪುಣ್ಯಾತ್ಮ ವೇದಿಕೆ ಹತ್ತಿದ್ದೆಲ್ಲ ವಂದನಾರ್ಪಣೆಗೇ. ಬೇರೆಯವರೆಲ್ಲ ಮಾತಾಡಿ ಮುಗಿಸಿ, ಜನ ಚೀಲ ಹೆಗಲಿಗೇರಿಸಿ ಬಾಗಿಲು ನೋಡುವ ಹೊತ್ತಿಗೆ ಇವರು ಎದ್ದು ನಿಲ್ಲಬೇಕು. ಅಧ್ಯಕ್ಷರಿಗೆ, ಅತಿಥಿಗಳಿಗೆ, ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ಚಹಾ ಕೊಟ್ಟವರಿಗೆ. ಹುಡುಗರು ‘ವಂದನೆ ಮೇಷ್ಟ್ರು’ ಅಂತಲೇ ಕರೆಯುತ್ತಿದ್ದರು, ನಾವೂ ಹಾಗೇ ಕರೆಯೋಣ.

ಕಿವಿ ಚೆನ್ನಾಗಿದ್ದ ಕಾಲದಲ್ಲಿ ಹೆಂಡತಿ ಒಮ್ಮೆ ರೇಗಿಸಿದ್ದರು. “ರೀ, ಊರವರಿಗೆಲ್ಲ ಥ್ಯಾಂಕ್ಸ್ ಹೇಳ್ಕೊಂಡು ಓಡಾಡ್ತೀರಿ. ನನಗೊಂದು ಹೇಳಿದ್ರೆ ನಾಲಿಗೆ ಸವೆದು ಹೋಗುತ್ತಾ?”

“ಹೇಳ್ತೀನಿ ಬಿಡೇ, ವೇದಿಕೆ ಮೇಲೇ ಹೇಳ್ತೀನಿ” ಅಂದಿದ್ದರು ಮೇಷ್ಟ್ರು. ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದರು. ಅಷ್ಟರಲ್ಲಿ ಆಕೆಯ ಕಿವಿಯೇ ಹೋಯಿತು. ಆ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ತಿಂಗಳ ಕೊನೆಗೆ ನಿವೃತ್ತಿ. ‘ಕೃತಕ ಬುದ್ಧಿಮತ್ತೆ ಮತ್ತು ನಾಳೆಯ ನಗರ’ ಅನ್ನುವ ಈ ವಿಚಾರಸಂಕಿರಣವೇ ಅವರ ಪಾಲಿಗೆ ಕಡೆಯದು. ಅದು ಕಂಪ್ಯೂಟರಿನಲ್ಲಿ ನೇರ ಪ್ರಸಾರವಾಗುತ್ತದೆ, ಆಡಿದ ಮಾತೆಲ್ಲ ಕೂಡಲೇ ಚಿತ್ರದ ಕೆಳಗೆ ಅಕ್ಷರವಾಗಿ ಮೂಡುತ್ತದೆ, ಮನೆಯಲ್ಲೇ ಕೂತು ಓದಬಹುದು ಅಂತ ಗೊತ್ತಾದಾಗ ಮೇಷ್ಟ್ರಿಗೆ ಕಣ್ಣು ತುಂಬಿ ಬಂದಿತ್ತು. ವಿಭಾಗದ ಮುಖ್ಯಸ್ಥೆ ಮೇಡಂ ಹಿಂದೆ ಅಲೆದು ಅರ್ಧ ಗಂಟೆ ಗಿಟ್ಟಿಸಿಕೊಂಡಿದ್ದರು. ಮನುಷ್ಯ ಆಸೆ ಪಡಲಿ, ಬೇಡ ಅನ್ನಲ್ಲ. ಆದರೆ ವಿಶ್ವವಿದ್ಯಾಲಯದ ವೇಳಾಪಟ್ಟಿ ನಂಬಿಕೊಂಡು ಪಡಬಾರದು ನೋಡಿ.

ಸಭಾಂಗಣದ ಬಾಗಿಲಲ್ಲೇ ಕಂಪ್ಯೂಟರ್ ವಿಭಾಗದ ಮರಿಮೇಷ್ಟ್ರು ಸಿಕ್ಕಿದ. ಅಕ್ಷರ ಮೂಡಿಸುವ ಯಂತ್ರ ಅವನದೇ ಕೂಸು.

“ಸರ್, ನಿಮ್ಮ ವಿಷಯದಲ್ಲಿ ಚಿಂತೆನೇ ಇಲ್ಲ. ನಿಮ್ಮ ಹಳೇ ವಂದನಾರ್ಪಣೆ ರೆಕಾರ್ಡಿಂಗ್ ಎಲ್ಲಾ ಯಂತ್ರಕ್ಕೆ ಕುಡಿಸಿಬಿಟ್ಟಿದ್ದೀನಿ. ನಿಮ್ಮ ದನಿ ನಿಮ್ಮ ಮನೆಯವರಿಗಿಂತ ಅದಕ್ಕೇ ಚೆನ್ನಾಗಿ ಗೊತ್ತು!”

“ಮೈಕು ಕೈಕೊಟ್ರೆ?”

“ಕೊಡ್ಲಿ ಸರ್! ಅರ್ಧಂಬರ್ಧ ಕೇಳಿದ್ರೂ ಮಿಕ್ಕಿದ್ದನ್ನ ತಾನೇ ಊಹಿಸಿ ತುಂಬ್ಕೊಳ್ಳುತ್ತೆ. ನೀವು ಏನು ಹೇಳ್ತೀರಿ ಅಂತ ಅದಕ್ಕೆ ಗೊತ್ತಿರುತ್ತಲ್ಲ.”

ಮೇಷ್ಟ್ರು ಅವನ ಬೆನ್ನು ತಟ್ಟಿ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದು ಒಳಗೆ ಹೋದರು.

ಮುಖ್ಯ ಅತಿಥಿ, ಊರಿನ ಟ್ರಾಫಿಕ್ ಸಿಗ್ನಲ್ಲುಗಳಿಗೆಲ್ಲ ಬುದ್ಧಿ ಕಲಿಸಿದ ಸಾಹೇಬರು. ಹನ್ನೊಂದಕ್ಕೆ ಬರಬೇಕಾದವರು ಊಟದ ಹೊತ್ತಾದರೂ ಪತ್ತೆಯಿಲ್ಲ. ತಾವೇ ಬುದ್ಧಿ ಕಲಿಸಿದ ಸಿಗ್ನಲ್ಲೊಂದು ಅವರ ಕಾರನ್ನು ಆಸ್ಪತ್ರೆ ವೃತ್ತದಲ್ಲಿ ಹಿಡಿದು ನಿಲ್ಲಿಸಿಕೊಂಡಿತ್ತಂತೆ.

ಮೇಡಂ ಮೇಷ್ಟ್ರ ಪಕ್ಕ ಬಂದು ಬಗ್ಗಿದರು. “ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮದು ಕಾಲು ಗಂಟೆ ಮಾಡಿದ್ರೆ?”

“ಆಗ್ಲಿ ಮೇಡಂ.” ‘ಇಲ್ಲ’ ಅನ್ನುವ ಮಾತು ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ.

ಸಾಹೇಬರು ಬಂದರು. ಬಂದವರು ತಡವಾಗಿದ್ದಕ್ಕೆ ಸೇಡು ತೀರಿಸಿಕೊಳ್ಳುವ ಹಾಗೆ ಮಾತಾಡಿದರು. ದೊಡ್ಡ ಪರದೆಯ ಮೇಲೆ ಒಂದು ಸಿಗ್ನಲ್ ದೀಪದ ಚಿತ್ರ ಹಾಕಿ, ಮನೆಮನೆಗೆ ಕಳಿಸುವ ಕ್ಯಾಮೆರಾವನ್ನೂ ಅದರ ಕಡೆಗೇ ತಿರುಗಿಸಿದರು. ಮೇಷ್ಟ್ರು ಗಡಿಯಾರ ನೋಡಿದರು. ಈಗ ಅವಳು ಪಾತ್ರೆ ತೊಳೆದಿಟ್ಟು, ಕನ್ನಡಕ ಒರೆಸಿಕೊಂಡು ಕೂತಿರುತ್ತಾಳೆ ಅಂದುಕೊಂಡರು.

ಅಷ್ಟರಲ್ಲಿ ಸಾಹೇಬರು “ವೇಗವೇ ನಗರದ ಉಸಿರು!” ಅಂತ ಕೈ ಬೀಸಿದರು. ಮುಂದಿದ್ದ ನೀರಿನ ಬಾಟಲಿ ಉರುಳಿ ಮೈಕಿನ ಮೇಲೇ ಮಗುಚಿಕೊಂಡಿತು. ಅಲ್ಲಿಂದ ಮುಂದೆ ಮೈಕು ಒಗ್ಗರಣೆ ಹಾಕಿದ ಹಾಗೆ ಚಟಪಟ ಅನ್ನತೊಡಗಿತು. ಬೇರೆ ಮೈಕು ತರೋಣ ಅಂದರೆ ಉಗ್ರಾಣದ ಬೀಗದ ಕೈ ಇದ್ದವನು ರಜೆಯಲ್ಲಿದ್ದ.

ಸಂಜೆಯಾಯಿತು. ಮೇಡಂ ಮತ್ತೆ ಬಂದು ಒಂದು ಚೀಟಿ ತುರುಕಿದರು. “ಸರ್, ಐದೇ ನಿಮಿಷ. ಅದರಲ್ಲೇ ವಂದನಾರ್ಪಣೆನೂ ಮುಗಿಸಿಬಿಡಿ. ಇದರಲ್ಲಿರೋ ಒಬ್ಬರನ್ನೂ ಬಿಡಬೇಡಿ. ಕುಲಪತಿಗಳು ಕೂತಿದ್ದಾರೆ, ನೋಡ್ಕೊಳ್ಳಿ.”

ಮೇಷ್ಟ್ರು ಎದ್ದರು. ಜನ ಅಭ್ಯಾಸದಂತೆ ಚೀಲ ಹೆಗಲಿಗೇರಿಸಿದರು. ಮೇಷ್ಟ್ರು ಚೀಟಿ ನೋಡಿದರು, ಮಡಚಿ ಜೇಬಿಗಿಟ್ಟುಕೊಂಡರು. ಹುಟ್ಟಿದಾಗಿನಿಂದ ಇಂಥ ಕೆಲಸ ಮಾಡಿದವರಲ್ಲ.

“ಸಾಹೇಬರು ವೇಗ ಅಂದ್ರು. ನಾನು ನಿಧಾನದ ಬಗ್ಗೆ ಹೇಳ್ತೀನಿ. ಆಸ್ಪತ್ರೆ ವೃತ್ತದಲ್ಲಿ ವಯಸ್ಸಾದವರು ರಸ್ತೆ ಮಧ್ಯ ತಲುಪೋದರಲ್ಲಿ ದೀಪ ಕೆಂಪಾಗುತ್ತೆ. ಇದನ್ನ ಕಂಡುಹಿಡಿದಿದ್ದು ನಾನಲ್ಲ, ನನ್ನ ಹೆಂಡತಿ. ಕಿವಿ ಹೋದಮೇಲೆ ಅವಳಿಗೆ ಹಾರನ್ ಕೇಳಿಸ್ತಿರಲಿಲ್ಲ. ರಸ್ತೆ ದಾಟುವಾಗ ನನ್ನ ಕೈ ಹಿಡ್ಕೊಂಡು ಜನರ ಕಾಲನ್ನೇ ನೋಡೋಳು. ‘ರೀ, ಈ ದೀಪಕ್ಕೆ ಮುದುಕರು ಅಂದ್ರೆ ಗೊತ್ತೇ ಇಲ್ಲ ಕಣ್ರೀ’ ಅಂದಳು. ಆಮೇಲೆ ವರ್ಷಗಟ್ಟಲೆ ನನ್ನ ಜೊತೆ ಬಿಸಿಲಲ್ಲಿ ನಿಂತು, ಯಾರು ಎಲ್ಲಿ ಸಿಕ್ಕಿಹಾಕ್ಕೊಂಡ್ರು ಅಂತ ನೋಡಿ ನೋಡಿ ಹೇಳಿದಳು. ನನ್ನ ಲೇಖನಗಳಲ್ಲಿ ನಾನು ಅವಳ ಹೆಸರು ಹಾಕಲಿಲ್ಲ. ಬರೀಬೇಕು ಅಂತ ಹೊಳೀಲೇ ಇಲ್ಲ.”

ಮೈಕು ಚಟಪಟ ಅಂತಿತ್ತು. ಮೇಷ್ಟ್ರು ಅದರ ಹತ್ತಿರ ಇನ್ನಷ್ಟು ಬಗ್ಗಿದರು.

“ಇಷ್ಟು ವರ್ಷ ಇಲ್ಲಿ ನಿಂತು ಎಲ್ಲರಿಗೂ ವಂದಿಸಿದ್ದೀನಿ. ಇವತ್ತು ಒಬ್ಬಳಿಗೇ. ಕೈ ಬಿಡದೆ ನನ್ನನ್ನ ದಾಟಿಸಿದೆಯಲ್ಲ ಮಾರಾಯ್ತಿ, ನಿನಗೆ ಥ್ಯಾಂಕ್ಸ್.”

ಕೂತುಬಿಟ್ಟರು. ಚಪ್ಪಾಳೆ ಬೀಳಲಿಲ್ಲ. ಸಾಹೇಬರು ತಮ್ಮ ಹೆಸರು ಬರಬಹುದು ಅಂತ ಅರ್ಧ ಎದ್ದಿದ್ದವರು ಹಾಗೇ ಕೂತರು. ಕುಲಪತಿಗಳು ಮೇಡಂ ಮುಖ ನೋಡಿದರು, ಮೇಡಂ ಮೇಷ್ಟ್ರನ್ನು ನುಂಗುವ ಹಾಗೆ ನೋಡಿದರು. ಮೇಷ್ಟ್ರಿಗೆ ಅದ್ಯಾವುದೂ ಕಾಣಲಿಲ್ಲ. ಚಹಾವನ್ನೂ ಕುಡಿಯದೆ ಬಸ್ಸು ಹತ್ತಿದರು. ಹೊಸದಾಗಿ ಮದುವೆಯಾದವನ ಹಾಗೆ ಕಿಟಕಿಯ ಗಾಜಿನಲ್ಲಿ ಕೂದಲು ಸರಿ ಮಾಡಿಕೊಂಡರು.

ಮನೆಯಲ್ಲಿ ಹೆಂಡತಿ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಅತ್ತಿದ್ದಾಳೆ, ತಲುಪಿತು ಅಂದುಕೊಂಡರು ಮೇಷ್ಟ್ರು.

“ಚೆನ್ನಾಗಿ ಹೇಳಿದ್ರಿ” ಅಂದರು ಆಕೆ. “ಅಧ್ಯಕ್ಷರಿಗೆ, ಸಾಹೇಬರಿಗೆ, ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ಚಹಾ ಕೊಟ್ಟವರಿಗೆ. ಒಬ್ಬರನ್ನೂ ಬಿಡಲಿಲ್ಲ.” ಕನ್ನಡಕ ತೆಗೆದಿಟ್ಟು, “ನನ್ನೊಬ್ಬಳನ್ನ ಬಿಟ್ಟು” ಅಂದರು.

ಮೇಷ್ಟ್ರಿಗೆ ಏನೂ ತಲೆಗೆ ಹತ್ತಲಿಲ್ಲ. ಗಡಬಡಿಸಿ ವಿಡಿಯೋವನ್ನು ಹಿಂದಕ್ಕೆ ಓಡಿಸಿ ನೋಡಿದರು. ಕ್ಯಾಮೆರಾವನ್ನು ಯಾರೂ ಮತ್ತೆ ವೇದಿಕೆಗೆ ತಿರುಗಿಸಿರಲಿಲ್ಲ. ಚಿತ್ರದಲ್ಲಿ ಅವರಿಲ್ಲ, ಆ ಹಾಳು ಸಿಗ್ನಲ್ ದೀಪ ಒಂದೇ. ಚಟಪಟದ ನಡುವೆ ಅವರದೇ ದನಿ ‘ಕೈ ಬಿಡದೆ ನನ್ನನ್ನ ದಾಟಿಸಿದೆಯಲ್ಲ’ ಅನ್ನುತ್ತಿತ್ತು. ಕೆಳಗೆ ಮಾತ್ರ ಮುದ್ದಾದ ಅಕ್ಷರಗಳಲ್ಲಿ, ‘ಅಚ್ಚುಕಟ್ಟಾಗಿ ಕುರ್ಚಿಗಳನ್ನು ಜೋಡಿಸಿಕೊಟ್ಟ ಸಿಬ್ಬಂದಿಗೆ ಹೃತ್ಪೂರ್ವಕ ವಂದನೆಗಳು’ ಅಂತ ಮೂಡುತ್ತಿತ್ತು. ಯಂತ್ರ ಅವರ ದನಿಯನ್ನು ಗುರುತು ಹಿಡಿದಿತ್ತು. ಕೇಳದ್ದನ್ನೆಲ್ಲ ತನಗೆ ಗೊತ್ತಿದ್ದದ್ದರಿಂದ ತುಂಬಿಕೊಂಡಿತ್ತು.

ಸ್ಲೇಟು ತೆಗೆದು ಬರೆದರು: ‘ನಾನು ನಿನ್ನ ಬಗ್ಗೆಯೇ ಹೇಳಿದ್ದು. ನಿನಗೊಬ್ಬಳಿಗೇ ಥ್ಯಾಂಕ್ಸ್ ಹೇಳಿದ್ದು. ಯಂತ್ರ ತಪ್ಪು ಬರೆದಿದೆ.’

ಆಕೆ ಓದಿದರು. ಮಗು ಸುಳ್ಳು ಹೇಳಿದಾಗ ತಾಯಿ ನಗುವ ಹಾಗೆ ನಕ್ಕು, ಅಂಗೈಯಿಂದ ಸ್ಲೇಟು ಒರೆಸಿದರು. “ಪಾಪ, ಯಂತ್ರದ ಮೇಲೆ ಯಾಕೆ ಹಾಕ್ತೀರಿ? ಇರ್ಲಿ ಬಿಡಿ, ಕೈಕಾಲು ತೊಳ್ಕೊಳ್ಳಿ.”

ಅಷ್ಟರಲ್ಲಿ ಮೇಷ್ಟ್ರ ಫೋನು ಹೊಡೆದುಕೊಂಡಿತು. ಮೇಡಂ.

“ಏನ್ರೀ ಸರ್ ನೀವು, ಮರ್ಯಾದೆ ತೆಗೆದ್ಬಿಟ್ರಲ್ರೀ! ಕುಲಪತಿಗಳನ್ನೂ ಬಿಟ್ಟು, ಸಾಹೇಬರನ್ನೂ ಬಿಟ್ಟು, ಹೆಂಡ್ತಿಗೊಬ್ಬಳಿಗೇ ಥ್ಯಾಂಕ್ಸ್ ಹೇಳೋದಾ? ಇಡೀ ಸಭೆ ಕೇಳಿಸ್ಕೊಂಡಿದೆ!”

ಸಾಕ್ಷಿ! ಮೇಷ್ಟ್ರು ಹಾರಿ ಬಿದ್ದು ಸ್ಪೀಕರ್ ಹಾಕಿ, ಫೋನನ್ನು ಹೆಂಡತಿಯ ಮುಖದ ಹತ್ತಿರ ಹಿಡಿದರು. “ಕೇಳೇ, ಕೇಳು! ಮೇಡಮ್ಮೇ ಹೇಳ್ತಿದ್ದಾರೆ, ಕೇಳು!”

“ಹೆಂಡ್ತಿಗೊಬ್ಬಳಿಗೇ!” ಅಂತ ಮೇಡಂ ಕಿರುಚಿದ್ದು ಅಡುಗೆಮನೆಯ ಪಾತ್ರೆಗಳಿಗೆಲ್ಲ ಕೇಳಿಸಿತು.

ಆಕೆ ಫೋನಿನ ಮೇಲಿದ್ದ ಹೆಸರು ಓದಿಕೊಂಡು, ಸ್ಲೇಟನ್ನು ಮೊಳೆಗೆ ತಗುಲಿಸಿದರು.

“ಓ, ನಿಮ್ಮ ಮೇಡಮ್ಮಾ? ಅವರಿಗೂ ಒಂದು ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಊಟ ಆರ್ತಾ ಇದೆ.”