ಶೇರು ಕಲಿಯಲು ಹೊರಟ ಅಕ್ಕೋರು

ಒಂಟಿ ಹೆಂಗಸು ಒಂದು ಮಾತು ಕೇಳಲು ಹೊರಟರೆ ದೇವರು ಬರಿಗೈಯಲ್ಲಿ ಕಳಿಸುವುದಿಲ್ಲ. ಉತ್ತರ ಕೊಡದಿದ್ದರೂ ಒಂದು ನಗೆಯನ್ನಾದರೂ ಕೊಡುತ್ತಾನೆ. ನನಗಂತೂ ಹೀಗೆ ಆಗುತ್ತಲೇ ಬಂದಿದೆ.

ನಾನು ಹೊನ್ನಾವರದ ಶಾಲೆಯಲ್ಲಿ ಅಕ್ಕೋರು. ಯಜಮಾನರು ಮುಂಬಯಿಯ ಬಟ್ಟೆ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಮಿಲ್ಲಿನ ಕೆಲವು ಶೇರುಗಳು ನನ್ನ ಹೆಸರಿಗೆ ಬಂದವು. ಮಕ್ಕಳಿಲ್ಲ. ಮುಂಬಯಿಯ ಮೈದುನ, "ಅತ್ತಿಗೆ, ಮಾರಿಬಿಡಿ. ನಿಮಗೆಂತ ತಿಳೀತದೆ ಅದೆಲ್ಲ?" ಎಂದು ಬರೆದ. ಯಜಮಾನರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದನ್ನು ತಿಳಿಯದೆ ಮಾರುವುದು ಹೇಗೆ? "ಕಲಿತು ಹೇಳುತ್ತೇನೆ" ಎಂದು ಉತ್ತರಿಸಿದೆ.

ಪುಸ್ತಕದಂಗಡಿಯಲ್ಲಿ

"ಶೇರಿನ ವಿಷಯ ತಿಳಿಸುವ ಪುಸ್ತಕ ಇದ್ಯಾ?" ಎಂದು ಕೇಳಿದೆ.

ಅಂಗಡಿಯವರು ನಕ್ಕರು. "ಎಂತ ಅಕ್ಕೋರೆ, ಇನ್ನೂ ಶೇರು ಅಂತ್ರಲ್ಲ! ಸರ್ಕಾರವೇ ರದ್ದು ಮಾಡ್ತು. ಶೇರಿನ ಕತೆ ಮುಗೀತು."

ಸೀದಾ ದೇವಸ್ಥಾನಕ್ಕೆ ಹೋಗಿ, "ಅವರು ಬಿಟ್ಟುಹೋದದ್ದು ಇದೊಂದೇ ಆಗಿತ್ತಲ್ಲ ದೇವರೇ" ಎಂದು ಅತ್ತೆ. ಅರ್ಚಕ ಭಟ್ಟರು ಬಂದು ಸಂಗತಿ ಕೇಳಿದರು.

"ಅಯ್ಯೋ ಅಕ್ಕೋರೆ, ರದ್ದಾದದ್ದು ಅಕ್ಕಿ ಅಳೆಯೋ ಶೇರು. ಇನ್ನು ಕಿಲೋ ಲೆಕ್ಕ. ನೀವು ಅತ್ತದ್ದು ನೋಡಿ, ತನ್ನ ನೈವೇದ್ಯಕ್ಕೇ ಕುತ್ತು ಬಂತು ಅಂತ ದೇವರು ಹೆದರಿರಬೇಕು!"

ಮಂದಿ

ಭಟ್ಕಳದಲ್ಲಿ ಒಬ್ಬರು ಜವಳಿ ಸಾಹೇಬರು, ಮುಂಬಯಿಯ ಶೇರು ಬಜಾರು ಕಂಡವರು. ಹೊಳೆ ದಾಟಿ, ಬಸ್ಸು ಹಿಡಿದು ಹೋದೆ. ಶರಬತ್ತು ಕೊಟ್ಟು ಉಪದೇಶ ಮಾಡಿದರು: "ನೋಡಿ ಅಕ್ಕೋರೆ, ಮಂದಿ ಇರುವಾಗ ಮಾರಬೇಡಿ."

"ನನ್ನ ಮನೆಯಲ್ಲಿ ಮಂದಿ ಎಲ್ಲಿದ್ದಾರೆ ಸಾಹೇಬರೇ? ನಾನೊಬ್ಬಳೇ."

"ಮನೆಯಲ್ಲಲ್ಲ, ಬಜಾರಿನಲ್ಲಿ."

"ಬಜಾರು ಅಂದ ಮೇಲೆ ಯಾವಾಗಲೂ ಮಂದಿಯೇ ಅಲ್ಲವಾ?"

ಸಾಹೇಬರು ಗಡ್ಡ ನೀವುತ್ತ ನಿಟ್ಟುಸಿರಿಟ್ಟರು. "ನಿಮಗೆ ಎಲ್ಲಾ ಗೊತ್ತುಂಟು! ನಾನು ಗಂಟುಮೂಟೆ ಕಟ್ಟಿ ಊರಿಗೆ ಬಂದದ್ದು ಅದಕ್ಕೇ."

ಮುಂಬಯಿಯ ಮಾತಿನಲ್ಲಿ ಮಂದಿ ಅಂದರೆ ಜನ ಅಲ್ಲ, ದರ ಕುಸಿಯುವುದು ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಸಾಹೇಬರು ಮಾತ್ರ ಊರೆಲ್ಲ ನನ್ನ ಬುದ್ಧಿಯನ್ನು ಹೊಗಳುತ್ತಿದ್ದರಂತೆ.

ಒಂದು ಗೀಟು

ಕುಮಟೆಗೆ ಹೋದಾಗಲೆಲ್ಲ ಅಲ್ಲಿಯ ವಾಚನಾಲಯದಲ್ಲಿ ಮುಂಬಯಿಯ ಇಂಗ್ಲಿಷ್ ಪತ್ರಿಕೆಯ ಶೇರು ದರದ ಪುಟವನ್ನು ಅಕ್ಷರ ಕೂಡಿಸಿಕೊಂಡು ನೋಡುತ್ತಿದ್ದೆ. ಬೇರೆ ಮಿಲ್ಲುಗಳ ಎದುರು ಅಂಕಿ, ನಮ್ಮದರ ಎದುರು ಬರೀ ಗೀಟು.

"ಇದೆಂತದು?" ಎಂದೆ.

"ಆ ದಿನ ಬಜಾರಿನಲ್ಲಿ ಅದನ್ನು ಯಾರೂ ಕೇಳಲಿಲ್ಲ ಅಂತ ಅರ್ಥ" ಎಂದರು ವಾಚನಾಲಯದವರು.

ಪಾಪ, ಅದಕ್ಕೂ ಯಾರೂ ಇಲ್ಲ. ಅಂದಿನಿಂದ ಸಂಜೆ ದೀಪ ಹಚ್ಚಿದಾಗ ಮಿಲ್ಲಿನ ಹೆಸರನ್ನೂ ಹೇಳಿ ಕೈಮುಗಿಯತೊಡಗಿದೆ. ಮುಂದಿನ ಸಲ ಹೋದಾಗ ಪತ್ರಿಕೆಯಲ್ಲಿ ಮಿಲ್ಲಿನ ಹೆಸರೇ ಇರಲಿಲ್ಲ! ಓಡಿಹೋಗಿ ಕೇಳಿದರೆ ವಾಚನಾಲಯದವರು, "ಇರ್ತದೆ ಅಕ್ಕೋರೆ. ನೀವು ನೋಡ್ತಾ ಇರೂದು ಮದುವೆ ಸಂಬಂಧದ ಪುಟ" ಎಂದರು.

ನನ್ನ ಪರವಾಗಿ

ಮಿಲ್ಲಿನ ವಾರ್ಷಿಕ ಸಭೆಗೆ ಇಂಗ್ಲಿಷಿನಲ್ಲಿ ಕರೆ ಬಂತು. ನಮ್ಮ ಶಾಲೆಯ ಹೆಡ್ಮಾಸ್ತರರು ಓದಿ ಹೇಳಿದರು: "ಅಲ್ಲಿ ಕೂತು ಕೇಳಿದ್ರೆ ಎಲ್ಲಾ ತಿಳೀತದೆ. ಹೋಗಲಾಗದಿದ್ರೆ ನಿಮ್ಮ ಪರವಾಗಿ ಒಬ್ಬರನ್ನು ಕಳಿಸಬಹುದು. ಹೆಸರು ಹೇಳಿ."

ಮೈದುನನೋ, ಮಾರು ಎನ್ನುವವನು. ಬೇರೆ ಯಾರು? ನನ್ನ ಪರವಾಗಿ ಎದ್ದು ಹೋಗುವವರು ಯಾರೂ ನೆನಪಾಗಲಿಲ್ಲ. ಕೊನೆಗೆ, ದಿನಾ ಬೆಳಿಗ್ಗೆ ಗರಿಕೆ ಏರಿಸಿ ಮಾತನಾಡಿಸುವ ದೇವರನ್ನೇ ನೆನೆದು, "ಗಣಪತಿ ಅಂತ ಬರೀರಿ" ಎಂದೆ. ನಮ್ಮ ಕಡೆ ಆ ಹೆಸರಿನವರು ಓಣಿಗೊಬ್ಬರು. ಮಾಸ್ತರರು ಮರುಮಾತಿಲ್ಲದೆ ಬರೆದರು.

ಸಭೆ ಮುಗಿದ ಮೇಲೆ ಮಿಲ್ಲಿನಿಂದ ಪತ್ರ: 'ಶ್ರೀ ಗಣಪತಿಯವರು ಸಭೆಗೆ ಬರಲಿಲ್ಲ. ದಯವಿಟ್ಟು ಅವರ ವಿಳಾಸ ಮತ್ತು ನಿಮಗೆ ಅವರು ಏನಾಗಬೇಕು ಎಂಬುದನ್ನು ತಿಳಿಸಿ.'

ನನ್ನ ಕಣ್ಣು ತುಂಬಿತು. ನನಗೆ ಯಾರಿದ್ದಾರೆ ಎಂದು ಅಷ್ಟು ದೂರದಿಂದ ಕೇಳುವವರು ಈ ಮಿಲ್ಲಿನವರೊಬ್ಬರೇ. ಮಾರುವುದಿಲ್ಲ ಎಂದು ಮೈದುನನಿಗೆ ಅಂದೇ ಬರೆದೆ. ಮಿಲ್ಲಿಗೆ ಉತ್ತರ ಬರೆಯಲು ಮಾಸ್ತರರು ಪೆನ್ನು ತೆಗೆದರು.

"ಗಣಪತಿಯವರ ವಿಳಾಸ?"

"ನನ್ನ ಮನೆಯದ್ದೇ."

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ನಿಮಗೆ ಏನಾಗಬೇಕು?"

"ಏನಂತ ಹೇಳಲಿ ಮಾಸ್ತರರೇ, ಈಗ ನನಗೆ ಅವರೊಬ್ಬರೇ. ಮನೆಯವರು ಅಂತ ಬರೀರಿ."

ಪೆನ್ನು ಕೆಳಗೆ ಬಿತ್ತು.

"ಅಕ್ಕೋರೆ! ಮದುವೆ ಯಾವಾಗ ಆತು?"